ಏಪ್ರಿಲ್ ಪೆಟ್ಟು, ಅಕ್ಟೋಬರ್ ಗೊಂಚಲು

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಪಡಗಳಿಗೆ ವರ್ಷಕ್ಕೆ ಎರಡು ಚಾಟನಿ. ಕಳ್ಳಕವಟಗಿ ಸುತ್ತಿನ ಯಾವ ಬೆಳೆಗಾರರನ್ನು ಕೇಳಿದರೂ ಹೇಳುತ್ತಾರೆ: ಫಲ ಕೈಗೆ ಬರುವುದು ಅಕ್ಟೋಬರ್ ಚಾಟನಿಯ ನಂತರವಾದರೂ ಗೊಂಚಲಿನ ಕಣ್ಣು ಕಡ್ಡಿಯೊಳಗೆ ಕಟ್ಟುವುದು ಏಪ್ರಿಲ್ ಚಾಟನಿಯಾದ ಕೆಲವೇ ವಾರಗಳಲ್ಲಿ. ಆಗ ಆ ಕಣ್ಣು ಸರಿಯಾಗಿ ಕಟ್ಟದಿದ್ದರೆ ಹೊರಗೆ ಹೆಚ್ಚೇನೂ ಕಾಣದು, ಎಲೆ ಹಸಿರಾಗಿಯೇ ಇರುತ್ತದೆ. ಅಕ್ಟೋಬರಿನಲ್ಲಿ ಚಿಗುರೊಡೆದಾಗಲೇ ತಿಳಿಯುವುದು. ಕಡ್ಡಿ ಇದೆ, ಗೊಂಚಲಿಲ್ಲ.

ಮನುಷ್ಯನ ಬಾಲ್ಯಕ್ಕೂ ತಾರುಣ್ಯಕ್ಕೂ ಇರುವ ನಂಟು ಹೀಗೆಯೇ. ಇಪ್ಪತ್ತರ ಹುಡುಗ, ಕೆಲಸ ಕೊಟ್ಟವರು ತುಸು ದನಿ ಏರಿಸಿದರೆ ಬಿಟ್ಟು ಬರುತ್ತಾನೆ, ಸಂಜೆಯಾದರೆ ಕುಡಿತ. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಪಾತ್ರೆ ಬಿದ್ದ ಸದ್ದಿಗೂ ಬೆಚ್ಚುತ್ತಾಳೆ. ಊರು ಒಬ್ಬನಿಗೆ ಮುಂಗೋಪಿ, ಇನ್ನೊಬ್ಬಳಿಗೆ ಮಂಕು ಎಂದು ಹೆಸರಿಟ್ಟು ಸುಮ್ಮನಾಗುತ್ತದೆ. ಹತ್ತು ವರ್ಷದ ಹಿಂದೆ ಆ ಮಗುವಿನ ಪಾಡು ಏನಿತ್ತೆಂದು ಕೇಳುವವರು ಕಡಿಮೆ.

ಶರೀರ ಮಾತ್ರ ಮರೆತಿರುವುದಿಲ್ಲ. ಮಿದುಳಿನಲ್ಲಿ ಬಾದಾಮಿ ಆಕಾರದ ಒಂದು ಪುಟ್ಟ ಭಾಗವಿದೆ. ಅಪಾಯ ಕಂಡೊಡನೆ ಅದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಮೂತ್ರಪಿಂಡಗಳ ಮೇಲಿನ ಗ್ರಂಥಿಗಳು ಅಡ್ರಿನಾಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹಾವು ಕಂಡಾಗ ಇದು ಜೀವ ಉಳಿಸುವ ಏರ್ಪಾಡು. ಆದರೆ ದಿನವೂ ಹೊಡೆತ, ಬೈಗುಳ ಕಾಣುವ ಮಗುವಿಗೆ ಹಾವು ಮನೆಯಲ್ಲೇ ಇದೆ! ಪದೇ ಪದೇ ಬಾರಿಸಿದ ಗಂಟೆ ಸಣ್ಣ ಗಾಳಿಗೂ ಅಲುಗಾಡುವಷ್ಟು ಸೂಕ್ಷ್ಮವಾಗಿಬಿಡುತ್ತದೆ. ಅದಕ್ಕೆ ಕಡಿವಾಣ ಹಾಕಬೇಕಾದ ಹಣೆಯ ಹಿಂಭಾಗದ ಮಿದುಳು ಪಕ್ವವಾಗುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ನೌಕರಿ, ಮದುವೆ, ಸಾಲ ಎಲ್ಲವೂ ಬಂದು ಬೀಳುವುದು ಅದಕ್ಕೆ ಮೊದಲೇ.

ಅಮೆರಿಕದಲ್ಲಿ ಫೆಲಿಟ್ಟಿ, ಆಂಡಾ ಎಂಬ ವೈದ್ಯರು ಸಂಗಡಿಗರೊಂದಿಗೆ ಸುಮಾರು 9,500 ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ವಿಚಾರಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಗೆ ಬೀಳುತ್ತಿದ್ದ ಪೆಟ್ಟನ್ನು ನೋಡಿದ್ದು, ಮನೆಯಲ್ಲಿ ಕುಡುಕರಿದ್ದದ್ದು - ಇಂಥ ನಾಲ್ಕೋ ಹೆಚ್ಚೋ ಬಗೆಯ ಕಷ್ಟ ಉಂಡವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನಗಳು ಅಂಥ ಯಾವ ಕಷ್ಟವನ್ನೂ ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚು ಕಂಡುಬಂದವು. ಇದು ಸಂಭವದ ಲೆಕ್ಕವೇ ಹೊರತು ಹಣೆಬರಹವಲ್ಲ. ಪೆಟ್ಟು ತಿಂದವರೆಲ್ಲ ಕೆಡುವುದಿಲ್ಲ.

'ಅದು ಅಮೆರಿಕದ ಮಾತು' ಎನ್ನುವವರಿಗೆ ನಮ್ಮದೇ ಅಂಕಿ ಇದೆ. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಕಂಡವರು. 'ಛಡಿ ಛಂ ಛಂ, ವಿದ್ಯಾ ಘಂ ಘಂ' ಎಂದು ಹೆಮ್ಮೆಯಿಂದ ಹೇಳುವ ಸೀಮೆ ನಮ್ಮದು. ಛಡಿಯಿಂದ ಕಲಿತು ಮುಂದೆ ಬಂದವರು ಸಭೆಗಳಲ್ಲಿ ಆ ಕತೆ ಹೇಳುತ್ತಾರೆ. ಛಡಿಗೆ ಹೆದರಿ ಶಾಲೆ ಬಿಟ್ಟವರನ್ನು ಯಾವ ಸಭೆಗೂ ಕರೆಯುವುದಿಲ್ಲವಷ್ಟೆ.

ಕಾನೂನು ಸುಮ್ಮನಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ಪೋಕ್ಸೊ, 2015ರ ಬಾಲನ್ಯಾಯ ಕಾಯ್ದೆಗಳಿವೆ, ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಮಕ್ಕಳ ರಕ್ಷಣೆಯ ಈ ಏರ್ಪಾಡೆಲ್ಲ ಬಹುಮಟ್ಟಿಗೆ ಹದಿನೆಂಟಕ್ಕೆ ನಿಲ್ಲುತ್ತದೆ. ಅಕ್ಟೋಬರ್ ಚಾಟನಿ ಶುರುವಾಗುವುದೇ ಆಗ! ಹತ್ತೊಂಬತ್ತರ ಹುಡುಗನ ಹಳೆಯ ಗಾಯ ಯಾವ ಕಚೇರಿಯ ಕಡತಕ್ಕೂ ಸೇರದು.

ಮನೋವೈದ್ಯರ ಬಳಿ ಹೋದರೆ 'ತಲಿ ಕೆಟ್ಟದ' ಎಂಬ ಮಾತು ಊರಿಗೆ ಮೊದಲೇ ತಲುಪಿರುತ್ತದೆ. ಇದಕ್ಕೆ ಅಂಜುವವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಒಂದು ದಾರಿ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ದ್ರಾಕ್ಷಿಯ ಹೋಲಿಕೆ ಒಂದು ಕಡೆ ಸೋಲುತ್ತದೆ. ಅಕ್ಟೋಬರಿನಲ್ಲಿ ಕಾಣದ ಗೊಂಚಲನ್ನು ಆ ವರ್ಷ ಯಾರೂ ತರಿಸಲಾರರು. ತರುಣರ ಮಿದುಳು ಇನ್ನೂ ಬದಲಾಗುತ್ತಿರುತ್ತದೆ. ಕಷ್ಟದ ಮನೆಯಿಂದ ಬಂದೂ ನೆಟ್ಟಗೆ ನಿಂತವರ ಬದುಕಿನಲ್ಲಿ, ನಂಬಿಕೆಯ ಹಿರಿಯರೊಬ್ಬರಾದರೂ ಇದ್ದದ್ದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅದು ಅಜ್ಜಿಯಿರಬಹುದು, ಸೋದರಮಾವನಿರಬಹುದು, ಹೊಲದ ಕೆಲಸಕ್ಕೆ ಜೊತೆಯಾದ ಕಾಕಾ ಇರಬಹುದು. 'ಯಾಕೋ ತಮ್ಮಾ, ಒಂದಿಷ್ಟು ಕೂಡು' ಎಂದು ಕರೆದು, ಹುಡುಗ ತಾನಾಗಿ ಬಾಯಿ ಬಿಡುವತನಕ ಸುಮ್ಮನೆ ಕಾಯಬಲ್ಲವರು.