ಹತ್ತೋ? ಅತ್ತೋ?

ಮೊನ್ನೆ ಮಗ್ಗಿ ಒಪ್ಪಿಸುವಾಗ ನಮ್ಮ ತರಗತಿಯ ಒಬ್ಬ ‘ಎರಡೈದ್ಲಿ ಅತ್ತು’ ಎಂದ. ‘ಯಾಕೋ ಅತ್ತೆ?’ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವನು ಬಾಯೇ ಬಿಡಲಿಲ್ಲ. ಸಂಜೆ ಬಯಲಲ್ಲಿ ರನ್ ಎಣಿಸುವಾಗ ನೋಡಿದರೆ, ನಕ್ಕವರಲ್ಲೇ ಎಷ್ಟೋ ಜನ ‘ಒಂಬತ್ತು, ಅತ್ತು’ ಎನ್ನುತ್ತಿದ್ದರು!

ಹಾಗಾದರೆ ‘ಹ’ವನ್ನು ಯಾರು ಬಿಡುತ್ತಾರೆ, ಯಾವಾಗ ಬಿಡುತ್ತಾರೆ? ತಿಳಿಯೋದು ಸುಲಭವಲ್ಲ. ನೇರವಾಗಿ ಕೇಳಿದರೆ ‘ನಾನು ಹತ್ತು ಅಂತಲೇ ಅನ್ನೋದು’ ಅಂತಾರೆ. ಪೆನ್ನು ಪುಸ್ತಕ ಹಿಡಿದು ಎದುರಿಗೆ ನಿಂತರಂತೂ ಮಾತೇ ಬದಲಾಗುತ್ತೆ.

ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲೆಬಾವ್ ಅವರಿಗೂ ಇದೇ ತೊಡಕು ಇತ್ತು. ನ್ಯೂಯಾರ್ಕಿನಲ್ಲಿ ಕೆಲವರು ‘ಫ್ಲೋರ್’ ಎನ್ನುತ್ತಿದ್ದರು, ಕೆಲವರು ‘ರ್’ ನುಂಗಿ ‘ಫ್ಲೋ’ ಎನ್ನುತ್ತಿದ್ದರು. ‘ರ್’ ನುಡಿದರೆ ದೊಡ್ಡವರ ಮಾತು ಅಂತ ಲೆಕ್ಕ. 1962ರಲ್ಲಿ ಅವರು ಅಲ್ಲಿನ ಮೂರು ದೊಡ್ಡ ಅಂಗಡಿಗಳನ್ನು ಆರಿಸಿಕೊಂಡರು: ಸಿರಿವಂತರ ಸ್ಯಾಕ್ಸ್, ಮಧ್ಯಮ ವರ್ಗದ ಮೇಸೀಸ್, ಅಗ್ಗದ ಕ್ಲೈನ್. ನಾಲ್ಕನೇ ಮಹಡಿಯಲ್ಲಿ ಏನು ಸಿಗುತ್ತೆ ಅಂತ ಮೊದಲೇ ತಿಳಿದುಕೊಂಡು, ಗಿರಾಕಿಯ ಹಾಗೆ ಹೋಗಿ ‘ಅದು ಎಲ್ಲಿದೆ?’ ಎಂದು ಕೇಳಿದರು. ಉತ್ತರ ‘ಫೋರ್ತ್ ಫ್ಲೋರ್’. ಎರಡು ಕಡೆ ‘ರ್’ ಪರೀಕ್ಷೆ ಆಗಿಹೋಯಿತು! ಕೇಳಿಸದವರ ಹಾಗೆ ‘ಏನಂದ್ರಿ?’ ಅಂದರೆ, ಅಂಗಡಿಯವರು ಬಿಡಿಸಿ ಇನ್ನೊಮ್ಮೆ ಹೇಳೋರು. ಆಮೇಲೆ ಇವರು ಮರೆಗೆ ಹೋಗಿ ಬರೆದುಕೊಳ್ಳೋರು. ಹೀಗೆ 264 ಜನ. ಒಮ್ಮೆಯಾದರೂ ‘ರ್’ ನುಡಿದವರು ಸ್ಯಾಕ್ಸ್‌ನಲ್ಲಿ ನೂರಕ್ಕೆ 62, ಮೇಸೀಸ್‌ನಲ್ಲಿ 51, ಕ್ಲೈನ್‌ನಲ್ಲಿ ಬರೀ 20. ಮೇಸೀಸ್‌ನಲ್ಲಂತೂ ಎರಡನೇ ಸಲ ಹೇಳುವಾಗ ‘ರ್’ ಜಾಸ್ತಿಯಾಯಿತು. ನಮ್ಮ ತರಗತಿಯ ಹಾಗೇ ಅಲ್ವಾ? ಕೊರತೆಯೂ ಇತ್ತು. ಗಿರಾಕಿ ವಯಸ್ಸು ಕೇಳೋ ಹಾಗಿಲ್ಲ, ನೋಡಿ ಅಂದಾಜು ಮಾಡಬೇಕಾಯಿತು.

ನಾವೂ ಮಾಡಬಹುದು. ಅಂಗಡಿಯಲ್ಲಿ ‘ಅಣ್ಣಾ, ಐದು ರೂಪಾಯಿದು ಎರಡಕ್ಕೆ ಎಷ್ಟಾಯ್ತು?’ ಎಂದು ಕೇಳೋದು. ಉತ್ತರ ಬಂದ ಮೇಲೆ ‘ಏನಂದ್ರಿ?’. ಅಂಗಡಿ, ಡೇರಿ, ಹೊಲ, ಎಲ್ಲ ಕಡೆ ಇದೇ ಪ್ರಶ್ನೆ ಇರಬೇಕು. ಒಬ್ಬೊಬ್ಬರಿಗೆ ಒಂದೊಂದು ಥರ ಕೇಳಿದರೆ ಹೋಲಿಸೋಕಾಗಲ್ಲ. ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಮೊದಲ ಉತ್ತರ, ಎರಡನೇ ಉತ್ತರ, ಇಷ್ಟೇ ಬರೆಯೋದು. ಹೆಸರು ಬೇಡವೇ ಬೇಡ. ಊರಲ್ಲಿ ಆಡಿಕೊಳ್ಳೋಕೆ ಅಷ್ಟು ಸಾಕು.

ಪಟ್ಟಿಗೆ ಗೆರೆ ಎಳೆದು ಇಟ್ಟಿದ್ದೇನೆ. ಮಗ್ಗಿ ಹೇಳಿದ ಗೆಳೆಯನೂ ನನ್ನ ಜೊತೆ ಬರ್ತಾನಂತೆ. ನನ್ನನ್ನು ಮಾತ್ರ ಕೇಳಬೇಡಿ, ನನಗೆ ಈಗ ಪ್ರಶ್ನೆ ಗೊತ್ತಾಗಿಬಿಟ್ಟಿದೆ!