ಸರಹದ್ದಿನ ಗೆರೆಯೂ ಪ್ರಜೆಗಳ ತಕರಾರೂ

ಹೊಲದ ಮೇರೆಯ ಕಲ್ಲನ್ನು ನೆರೆಯವನು ಒಂದು ಮೊಳ ಈಚೆಗೆ ಸರಿಸಿದನೆಂದು ರೈತನೊಬ್ಬನು ಕೂಗಿಕೊಂಡರೆ, ಅವನ ಕೂಗನ್ನು ಕೇಳುವುದಕ್ಕೆ ನಮ್ಮ ದೇಶದಲ್ಲಿ ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಅಧಿಕಾರಸ್ಥಾನಗಳಿವೆ. ಸರ್ವೆಯವರು ಅಳೆಯುತ್ತಾರೆ, ತಹಸೀಲ್ದಾರರು ವಿಚಾರಿಸುತ್ತಾರೆ, ಅಲ್ಲಿ ಸಮಾಧಾನವಾಗದಿದ್ದರೆ ಮೇಲಿನ ಅಧಿಕಾರಿಗಳಿದ್ದಾರೆ, ಕೋರ್ಟುಗಳಿವೆ. ತೀರ್ಪು ಮೊಮ್ಮಕ್ಕಳ ಕಾಲಕ್ಕೆ ಆದರೂ ಆಗಲಿ, ಕೇಳುವವರೇ ಇಲ್ಲವೆಂದು ಆತನು ಹೇಳುವಂತಿಲ್ಲ. ಆದರೆ ಆ ರೈತನನ್ನೂ ಅವನ ಹಳ್ಳಿಯನ್ನೂ ಇಡೀ ಹೋಬಳಿಯನ್ನೂ ಒಂದು ಶಾಸನಸಭಾ ಕ್ಷೇತ್ರದಿಂದ ಎತ್ತಿ ಇನ್ನೊಂದಕ್ಕೆ ಸೇರಿಸಿದಾಗ, ಆತನು ತನ್ನ ತಕರಾರನ್ನು ಹೇಳಿಕೊಳ್ಳತಕ್ಕ ಅವಕಾಶವು ಒಂದೇ ಒಂದು ಸಲ ಬರುತ್ತದೆ. ಆ ಗಳಿಗೆ ತಪ್ಪಿದರೆ ಮತ್ತೊಂದು ಪುನರ್ವಿಂಗಡಣೆಯ ವರೆಗೆ ಕಾಯತಕ್ಕದ್ದೇ. ನಮ್ಮ ರಾಜ್ಯದಲ್ಲಿ 2008ರಲ್ಲಿ ಜಾರಿಗೆ ಬಂದ ಗೆರೆಗಳ ಮೇಲೆಯೇ 2008, 2013, 2018, 2023ರ ನಾಲ್ಕು ವಿಧಾನಸಭಾ ಚುನಾವಣೆಗಳೂ ನಡೆದುಹೋದವು.

2002ರ ಪುನರ್ವಿಂಗಡಣಾ ಕಾನೂನು ಏನು ಹೇಳುತ್ತದೆಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಕ್ಷೇತ್ರಗಳು ಸಾಧ್ಯವಾದಮಟ್ಟಿಗೆ ಒತ್ತಾಗಿ ಕೂಡಿಕೊಂಡಿರಬೇಕು. ಬೆಟ್ಟ ಹೊಳೆಗಳ ಸ್ಥಿತಿ, ಈಗಾಗಲೇ ಇರುವ ಆಡಳಿತದ ಎಲ್ಲೆಗಳು, ಸಂಚಾರದ ಅನುಕೂಲ, ಜನರ ಸೌಕರ್ಯ ಇವುಗಳನ್ನು ಗಮನಿಸಬೇಕು. ಕಮಿಷನ್ನು ತನ್ನ ಸಲಹೆಗಳನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿ, ಇಂಥ ದಿನದೊಳಗೆ ಆಕ್ಷೇಪಣೆ ಕಳುಹಿಸಿರೆಂದು ಹೇಳಿ, ಒಂದೋ ಹೆಚ್ಚೋ ಬಹಿರಂಗ ಸಭೆಗಳನ್ನು ಕೂಡಿಸಿ, ಆ ಬಳಿಕ ಆಜ್ಞೆ ಹೊರಡಿಸಬೇಕು. ಪ್ರತಿ ರಾಜ್ಯದಿಂದ ಐವರು ಲೋಕಸಭೆಯವರು, ಐವರು ವಿಧಾನಸಭೆಯವರು ಸಹಸದಸ್ಯರಾಗಿ ಕೂಡುತ್ತಾರೆ. ಅವರಿಗೆ ಮತವೂ ಇಲ್ಲ, ರುಜುವೂ ಇಲ್ಲ. ಅಂತಿಮ ಆಜ್ಞೆಯು ಗೆಜೆಟ್ಟಿನಲ್ಲಿ ಬಂದ ಕ್ಷಣದಿಂದ ಅದು ಶಾಸನವಾಗುತ್ತದೆ. ಲೋಕಸಭೆಯ ಮೇಜಿನ ಮೇಲೂ ವಿಧಾನಸಭೆಯ ಮೇಜಿನ ಮೇಲೂ ಅದನ್ನು ಇಡುತ್ತಾರೆ, ತಿದ್ದುವುದಕ್ಕಲ್ಲ, ನೋಡುವುದಕ್ಕೆ ಮಾತ್ರ.

ಇಷ್ಟು ಬಿಗಿಯೇಕೆಂದು ಕೇಳುವವರಿಗೆ ಉತ್ತರವಿದೆ. ಸ್ವತಂತ್ರ ಭಾರತದ ಮೊದಲ ಚುನಾವಣೆಗಾಗಿ 1951ರಲ್ಲಿ ಕ್ಷೇತ್ರಗಳನ್ನು ಗೊತ್ತುಮಾಡಿದ್ದು ರಾಷ್ಟ್ರಪತಿಗಳ ಆಜ್ಞೆಯಿಂದ. ಆ ಆಜ್ಞೆಗಳು ಪಾರ್ಲಿಮೆಂಟಿನ ತಿದ್ದುಪಡಿಗೆ ಒಳಪಟ್ಟಿದ್ದವು. ತನ್ನ ಕ್ಷೇತ್ರದ ಗೆರೆಯನ್ನು ತಾನೇ ತಿದ್ದುವ ಅಧಿಕಾರವನ್ನು ಮೆಂಬರನ ಕೈಗೆ ಕೊಟ್ಟರೆ, ಹಾಲಿನ ಕಾವಲಿಗೆ ಬೆಕ್ಕನ್ನು ಇಟ್ಟಂತಾಗದೆ ಮತ್ತೇನಾದೀತು? ಆದಕಾರಣವೇ 1952ರಿಂದೀಚೆಗೆ ಈ ಕೆಲಸವನ್ನು ಸ್ವತಂತ್ರ ಕಮಿಷನ್ನುಗಳಿಗೆ ಒಪ್ಪಿಸಿ, ಅವುಗಳ ಮಾತನ್ನು ಕೊನೆಯ ಮಾತನ್ನಾಗಿ ಮಾಡಲಾಯಿತು. ಇದು ವಿವೇಕದ ಕೆಲಸವೆಂದೇ ನಾವು ಎಣಿಸುತ್ತೇವೆ. ಆದರೆ ಮೆಂಬರರ ಕೈಯನ್ನು ಕಟ್ಟುವುದಕ್ಕೆಂದು ತಂದ ಹಗ್ಗವು ಪ್ರಜೆಗಳ ಬಾಯಿಗೂ ಸುತ್ತಿಕೊಂಡಿರುವುದನ್ನು ಕಾಣದೆ ಇರಲಾಗದು.

ಮೊದಲು ಪ್ರಕಟಣೆಯ ವಿಚಾರ. ಪತ್ರಿಕೆಯ ಕಸುಬಿನಲ್ಲಿರುವ ನಮಗೆ ಇದು ಚೆನ್ನಾಗಿ ಗೊತ್ತು. ತಾಲ್ಲೂಕು, ಹೋಬಳಿ, ವಾರ್ಡುಗಳ ಪಟ್ಟಿಯು ಸಣ್ಣ ಅಚ್ಚಿನಲ್ಲಿ ಪುಟ ತುಂಬ ಬರುತ್ತದೆ. ಓದುವವನು ತನ್ನ ಊರಿನ ಹೆಸರನ್ನು ಹುಡುಕುವಷ್ಟರಲ್ಲಿ ಕಾಫಿ ತಣ್ಣಗಾಗಿರುತ್ತದೆ. ಹಿಂದೆ ತಾನು ಯಾವ ಕ್ಷೇತ್ರದಲ್ಲಿದ್ದೆ, ಮುಂದೆ ಯಾವುದಕ್ಕೆ ಹೋಗುತ್ತೇನೆ, ಏತಕ್ಕೆ ಹೋಗುತ್ತೇನೆ ಎಂಬುದು ಆ ಪಟ್ಟಿಯಿಂದ ಸುಲಭವಾಗಿ ತಿಳಿಯುವಂತಿಲ್ಲ. ತಿಳಿಯದವನು ತಕರಾರು ಹೇಗೆ ಬರೆದಾನು?

ಇನ್ನು ಕೊಡಗಿನ ಸಂಗತಿಗೆ ಬರುತ್ತೇವೆ. ಪುನರ್ವಿಂಗಡಣೆಯಲ್ಲಿ ಲೆಕ್ಕವೆಷ್ಟು, ವಿವೇಚನೆಯೆಷ್ಟು ಎಂಬುದನ್ನು ತಿಳಿಯುವುದಕ್ಕೆ ನಮ್ಮ ರಾಜ್ಯದಲ್ಲಿ ಇದಕ್ಕಿಂತ ಉತ್ತಮವಾದ ಉದಾಹರಣೆ ನಮಗೆ ತೋರುವುದಿಲ್ಲ. 1952ರಲ್ಲಿ ಕೊಡಗು ತಾನೇ ಒಂದು ರಾಜ್ಯ. ಅದರ ಶಾಸನಸಭೆಯಲ್ಲಿ 24 ಮಂದಿ ಸದಸ್ಯರು, ಶ್ರೀಮಾನ್ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳು. 1956ರ ನವೆಂಬರ್ 1ರಂದು ಆ ರಾಜ್ಯವು ವಿಶಾಲ ಮೈಸೂರಿನಲ್ಲಿ ಲೀನವಾಯಿತು. 2004ರ ಚುನಾವಣೆಯಲ್ಲಿ ಕೊಡಗಿನ ಪಾಲಿಗೆ ಇದ್ದ ವಿಧಾನಸಭಾ ಸ್ಥಾನಗಳು ಮೂರು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. 2008ರಲ್ಲಿ ಸೋಮವಾರಪೇಟೆಯ ಹೆಸರು ಅಳಿದು ಎರಡೇ ಉಳಿದವು. ಲೋಕಸಭೆಯ ವಿಷಯವಂತೂ ಇನ್ನೂ ವಿಚಿತ್ರ. 1952ರಲ್ಲಿ ಕೊಡಗಿಗೆ ತನ್ನದೇ ಒಂದು ಸ್ಥಾನವಿತ್ತು. 2004ರಲ್ಲಿ ಅದು ಘಟ್ಟದ ಕೆಳಗಿನ ಮಂಗಳೂರಿನೊಂದಿಗೆ ಇತ್ತು. 2009ರಲ್ಲಿ ಘಟ್ಟದ ಮೇಲಿನ ಮೈಸೂರಿನೊಂದಿಗೆ ಸೇರಿತು. ಜಿಲ್ಲೆಗೆ ಪ್ರತ್ಯೇಕ ಲೋಕಸಭಾ ಸ್ಥಾನ ಬೇಕೆಂಬ ಕೂಗು ಅಲ್ಲಿ ಮತ್ತೆ ಮತ್ತೆ ಏಳುವುದು ಆಶ್ಚರ್ಯವಲ್ಲ.

ಲೆಕ್ಕವನ್ನು ನೋಡಿರಿ. 2001ರ ಖಾನೇಷುಮಾರಿಯಂತೆ ರಾಜ್ಯದ ಜನಸಂಖ್ಯೆ 5,28,50,562. ಇದನ್ನು 224 ಸ್ಥಾನಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 2,35,940 ಬರುತ್ತದೆ. ಕೊಡಗಿನ ಜನಸಂಖ್ಯೆ 5,48,561. ಭಾಗಿಸಿದರೆ ಎರಡೂ ಕಾಲಿಗಿಂತ ಸ್ವಲ್ಪ ಹೆಚ್ಚು. ಅರ್ಧಕ್ಕಿಂತ ಕಡಿಮೆಯಾದ ಚೂರನ್ನು ಬಿಟ್ಟುಬಿಡುವುದು ಗಣಿತದ ವಾಡಿಕೆ, ಆದ್ದರಿಂದ ಎರಡು. ಪ್ರೈಮರಿ ಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕವಿದು, ಇದರಲ್ಲಿ ತಕರಾರಿಗೆ ಎಡೆಯೆಲ್ಲಿ ಎಂದು ಅಧಿಕಾರಿಗಳು ಕೇಳಬಹುದು.

ಎಡೆಯುಂಟು. ಎರಡು ಕ್ಷೇತ್ರಗಳಾಗಿ ಹಂಚಿದಾಗ ಒಂದೊಂದಕ್ಕೂ ಸುಮಾರು 2,74,280 ಜನ, ಎಂದರೆ ರಾಜ್ಯದ ಸರಾಸರಿಗಿಂತ ಶೇಕಡ 16 ಹೆಚ್ಚು. ಮೂರಾಗಿ ಹಂಚಿದರೆ ಸುಮಾರು 1,82,854, ಎಂದರೆ ಶೇಕಡ 22 ಕಡಿಮೆ. ಜಿಲ್ಲೆಯ ಎಲ್ಲೆಯನ್ನು ದಾಟುವುದಿಲ್ಲವೆಂದು ನಿಯಮವಿಟ್ಟುಕೊಂಡ ಮೇಲೆ, ಎರಡಾದರೂ ಸರಿಹೋಗದು, ಮೂರಾದರೂ ಸರಿಹೋಗದು. ಅಂಕಿಗಳು ತಮ್ಮಷ್ಟಕ್ಕೆ ತಾವೇ ತೀರ್ಪು ಹೇಳಲಿಲ್ಲ. ಎರಡು ಅಸಮತೆಗಳಲ್ಲಿ ಒಂದನ್ನು ಮನುಷ್ಯರು ಕುಳಿತು ಆರಿಸಿದರು. ಆರಿಸುವಾಗ ಬೆಟ್ಟದ ಸ್ಥಿತಿಯನ್ನೂ ಸಂಚಾರವನ್ನೂ ನೋಡಬೇಕೆಂದು ಕಾನೂನೇ ಹೇಳಿದೆಯಷ್ಟೆ. ಕೊಡಗಿನ ವಿಸ್ತೀರ್ಣ ಸುಮಾರು 4,100 ಚದರ ಕಿಲೋಮೀಟರು. ಬೆಂಗಳೂರು ನಗರ ಜಿಲ್ಲೆಯದು ಸುಮಾರು 2,200. ಅಲ್ಲಿ 28 ಶಾಸಕರು. ಕೊಡಗಿನ ಶಾಸಕನೊಬ್ಬನ ಪಾಲಿಗೆ ಬರುವ ನೆಲವು ಬೆಂಗಳೂರು ನಗರದ 28 ಮಂದಿಯ ನೆಲಕ್ಕೆ ಹೆಚ್ಚುಕಡಿಮೆ ಸಮನಾಗಿದೆ. ಅದೂ ಮಳೆ, ಕಾಡು, ಕಣಿವೆಗಳ ನೆಲ. ಉತ್ತರದ ತುದಿಯ ಕೊಡ್ಲಿಪೇಟೆ ಶನಿವಾರಸಂತೆಗಳ ರೈತನೂ ಮಡಿಕೇರಿ ಪಟ್ಟಣದ ವರ್ತಕನೂ ಒಬ್ಬನೇ ಪ್ರತಿನಿಧಿಯ ಬಾಗಿಲಿಗೆ ಹೋಗಬೇಕಾಯಿತು.

ಬೇರೆ ಕಡೆ ಇಂಥ ಬೆಟ್ಟದ ನೆಲಕ್ಕೆ ರಿಯಾಯಿತಿ ತೋರಿದ ಉದಾಹರಣೆಯೂ ಇದೆ. 2022ರ ಮೇ ತಿಂಗಳಲ್ಲಿ ಕೆಲಸ ಮುಗಿಸಿದ ಜಮ್ಮು ಮತ್ತು ಕಾಶ್ಮೀರದ ಕಮಿಷನ್ನು ಅಲ್ಲಿನ 20 ಜಿಲ್ಲೆಗಳನ್ನು ಗುಡ್ಡಗಾಡು, ಮಿಶ್ರ, ಬಯಲು ಎಂದು ಮೂರು ವರ್ಗಗಳಾಗಿ ವಿಂಗಡಿಸಿ, ಸರಾಸರಿಗಿಂತ ಶೇಕಡ 10ರಷ್ಟು ಹೆಚ್ಚುಕಡಿಮೆಗೆ ಅವಕಾಶವಿಟ್ಟುಕೊಂಡಿತು. ಅಷ್ಟೇ ರಿಯಾಯಿತಿಯಿಂದ ಕೊಡಗಿಗೆ ಮೂರನೆಯ ಸ್ಥಾನ ಸಿಗುತ್ತಿರಲಿಲ್ಲವೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಅದೇ ಕಮಿಷನ್ನು ಪೀರ್ ಪಂಜಾಲ್ ಪರ್ವತದ ಆಚೆಗಿರುವ ರಜೌರಿ ಪೂಂಛ್ ಪ್ರದೇಶವನ್ನು ಈಚೆಗಿರುವ ಅನಂತನಾಗ್ ಲೋಕಸಭಾ ಕ್ಷೇತ್ರಕ್ಕೆ ಹೊಲಿದುಬಿಟ್ಟಿತು. ಇವೆರಡನ್ನೂ ನೇರವಾಗಿ ಕೂಡಿಸುವ ಮೊಘಲ್ ರಸ್ತೆಯು ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುತ್ತದೆ. 2024ರಲ್ಲಿ ಅಲ್ಲಿ ಮತದಾನವನ್ನು ಮೇ 7ರಿಂದ ಮೇ 25ಕ್ಕೆ ಮುಂದೂಡಬೇಕಾಗಿ ಬಂದಿತು. ಜನರ ಸೌಕರ್ಯವೆಂಬ ಮಾತು ಕಾನೂನಿನ ಪುಸ್ತಕದಲ್ಲಿ ಒಂದು ತೆರನಾಗಿಯೂ ನಕ್ಷೆಯ ಮೇಲೆ ಇನ್ನೊಂದು ತೆರನಾಗಿಯೂ ಕಾಣುವುದೆಂದು ಹೇಳಬೇಕಾಗಿದೆ.

ಕೊಡಗಿನ ವಿಚಾರದಲ್ಲಿ ಇನ್ನೊಂದು ಸಂಗತಿಯನ್ನು ಪಟ್ಟಣಗಳ ಭಾಷಣಕಾರರು ಹೆಚ್ಚಾಗಿ ಎತ್ತುವುದಿಲ್ಲ. 2004ರ ವರೆಗೆ ವಿರಾಜಪೇಟೆಯು ಪರಿಶಿಷ್ಟ ಪಂಗಡದವರಿಗೆ ಮೀಸಲಾಗಿತ್ತು. 2008ರಲ್ಲಿ ಆ ಮೀಸಲು ತಪ್ಪಿತು. ರಾಜ್ಯದಲ್ಲಿ ಇಂಥ ವಿಧಾನಸಭಾ ಸ್ಥಾನಗಳು 2 ಇದ್ದದ್ದು 15 ಆದವು, ನೆರೆಯ ಹೆಗ್ಗಡದೇವನಕೋಟೆಗೆ ಮೀಸಲು ಬಂದಿತು, ಕೊಡಗಿನದು ಹೋಯಿತು. ಪಂಗಡದವರ ಪ್ರಮಾಣ ಎಲ್ಲಿ ಹೆಚ್ಚೋ ಅಲ್ಲಿ ಮೀಸಲು ಎಂಬ ನಿಯಮಕ್ಕೆ ಇದು ಹೊಂದಿರಬಹುದು. ಆದರೆ ಕಾಫಿತೋಟದ ಲೈನುಮನೆಯಲ್ಲಿ ಇರುವ ಯರವರಿಗೂ, ಕಾಡಂಚಿನ ಹಾಡಿಯ ಜೇನುಕುರುಬರಿಗೂ, ನಿಮ್ಮಿಂದ ಇಂಥದೊಂದು ಹೋಗುತ್ತಿದೆ, ಇಂಥ ದಿನದೊಳಗೆ ನಿಮ್ಮ ಮಾತನ್ನು ಹೇಳಿರಿ ಎಂದು ಯಾವ ಗೆಜೆಟ್ಟು ಹೋಗಿ ಹೇಳೀತು? ತಕರಾರು ಬರಲಿಲ್ಲವೆಂಬ ಮಾತ್ರಕ್ಕೆ ಸಮ್ಮತಿ ಇತ್ತೆಂದು ಷರಾ ಬರೆಯುವುದು ನ್ಯಾಯವಾಗಲಾರದು.

ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ನಮ್ಮ ಕರ್ತವ್ಯಕ್ಕೆ ಲೋಪ ಬರುತ್ತದೆ. ನಿವಾಸಿಗಳ ಹೆಸರಿನಲ್ಲಿ ಬರುವ ಅರ್ಜಿಗಳೆಲ್ಲವೂ ನಿವಾಸಿಗಳವಲ್ಲ. ತನ್ನ ಮತದಾರರು ಕೈಬಿಟ್ಟುಹೋದರೆಂದು ಕಂಗಾಲಾದ ಶಾಸಕನು ಹಿಂದೆ ನಿಂತು, ಮುಂದೆ ನೂರು ಹೆಬ್ಬೆಟ್ಟುಗಳನ್ನು ಒತ್ತಿಸುವುದುಂಟು. ಅರ್ಜಿ ಹತ್ತಾದರೂ ಒಕ್ಕಣೆ ಒಂದೇ. ಊರಿನ ಹೆಸರು ಮಾತ್ರ ಬೇರೆ. ಇದಲ್ಲದೆ, ಗೆರೆ ಸರಿಯುವುದೇ ಅನ್ಯಾಯವೆಂದು ಹೇಳುವವರು ಬೆಂಗಳೂರಿನ ಹಳೆಯ ಉತ್ತರಹಳ್ಳಿಯನ್ನು ನೆನೆಯಬೇಕು. ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೆನಿಸಿದ್ದ ಅದರಲ್ಲಿ ಬಡಾವಣೆಯ ಮೇಲೆ ಬಡಾವಣೆ ಬೆಳೆದು, ಲಕ್ಷಾಂತರ ಜನರಿಗೆ ಒಬ್ಬನೇ ಪ್ರತಿನಿಧಿ ಎಂಬಂತಾಗಿತ್ತು. ಅಲ್ಲಿನವನ ಒಂದು ಮತಕ್ಕೆ ಸಣ್ಣ ಕ್ಷೇತ್ರದವನ ಮತದ ಒಂದು ಚೂರಿನಷ್ಟು ಬೆಲೆಯೂ ಇರಲಿಲ್ಲ. ಆ ಕ್ಷೇತ್ರವನ್ನು ಒಡೆದದ್ದು ಧರ್ಮವೇ ಸರಿ. ಒಂದು ಕಡೆ ಕೂಡಿಸಬೇಕಾದರೆ ಇನ್ನೊಂದು ಕಡೆ ಕಳೆಯಬೇಕಾಗುತ್ತದೆ. 224 ಎಂಬುದು ಹಿಗ್ಗುವ ಸಂಖ್ಯೆಯಾಗಿರಲಿಲ್ಲ.

ಹಾಗಾದರೆ ನಾವು ಕೇಳುವುದೇನು? ಕೊಡಗಿಗೆ ಮೂರೇ ಬೇಕಿತ್ತೆಂದು ಇಲ್ಲಿ ಕುಳಿತು ತೀರ್ಪು ಹೇಳುವುದು ನಮ್ಮ ಉದ್ದೇಶವಲ್ಲ. ತಕರಾರು ಹೇಳಿದವನಿಗೆ ಕಾರಣಸಹಿತವಾದ ಉತ್ತರವು ಬರೆವಣಿಗೆಯಲ್ಲಿ ಬರಬೇಕೆಂಬುದಷ್ಟೇ ನಮ್ಮ ಬೇಡಿಕೆ. ಕಾನೂನು ಆಕ್ಷೇಪಣೆಗಳನ್ನು ಪರಿಶೀಲಿಸಿರೆಂದು ಹೇಳುತ್ತದೆ. ಪ್ರತಿಯೊಂದಕ್ಕೂ ಉತ್ತರ ಕೊಡಿರೆಂದು ಹೇಳುವುದಿಲ್ಲ. 2023ರಲ್ಲಿ ಅಸ್ಸಾಮಿನ ಪುನರ್ವಿಂಗಡಣೆ ನಡೆದಾಗ ಜೂನ್ 20ರಂದು ಕರಡು ಹೊರಟಿತು, ಆಗಸ್ಟ್ 11ರಂದು ಕೊನೆಯ ಆಜ್ಞೆಯೂ ಹೊರಟಿತು. ಈ ಎರಡು ತಿಂಗಳಿಗೂ ಕಡಿಮೆಯ ಅವಧಿಯಲ್ಲಿ 1,200ಕ್ಕೂ ಹೆಚ್ಚು ಅಹವಾಲುಗಳು ಬಂದವು. ಅವುಗಳಲ್ಲಿ ಸುಮಾರು ಶೇಕಡ 45ರಷ್ಟಕ್ಕೆ ಪರಿಹಾರ ಸಿಕ್ಕಿದೆಯೆಂದು ಚುನಾವಣಾ ಆಯೋಗವೇ ತಿಳಿಸಿತು. ಒಂದು ಲೋಕಸಭಾ ಕ್ಷೇತ್ರದ ಹೆಸರೂ 19 ವಿಧಾನಸಭಾ ಕ್ಷೇತ್ರಗಳ ಹೆಸರುಗಳೂ ಜನರ ಮಾತಿನಂತೆ ಬದಲಾದವು. ಕೇಳಿದರೆ ಫಲವಿಲ್ಲವೆಂದು ನಿರಾಶರಾಗುವವರಿಗೆ ಇದು ಧೈರ್ಯ ಕೊಡತಕ್ಕ ಸಂಗತಿ. ಆದರೆ 15ರಿಂದ 13 ಸ್ಥಾನಗಳಿಗೆ ಇಳಿದ ಬರಾಕ್ ಕಣಿವೆಯ ನಿವಾಸಿಗೆ, ಉಳಿದ ಅರ್ಧಕ್ಕಿಂತ ಹೆಚ್ಚಿನ ಅಹವಾಲುಗಳಲ್ಲಿ ತನ್ನದು ಏತಕ್ಕೆ ಸೇರಿತು ಎಂಬುದು ಶೇಕಡಾವಾರು ಲೆಕ್ಕದಿಂದ ತಿಳಿದೀತೇ?

ಕೋರ್ಟಿಗೆ ಹೋಗೋಣವೆಂದರೆ ಅಲ್ಲಿಯೂ ಬಹುಕಾಲ ಬಾಗಿಲು ಹಾಕಿತ್ತು. ಉಜ್ಜಯಿನಿ ಲೋಕಸಭಾ ಕ್ಷೇತ್ರವನ್ನು ಮೀಸಲು ಮಾಡಿದ್ದನ್ನು ಪ್ರಶ್ನಿಸಿ ಅಲ್ಲಿನ ನಿವಾಸಿ ಮೇಘರಾಜ ಕೊಠಾರಿ ಎಂಬವರು ಸುಪ್ರೀಂ ಕೋರ್ಟಿನ ವರೆಗೆ ಹೋದರು. ಪ್ರಕಟವಾದ ಆಜ್ಞೆಯು ಶಾಸನಕ್ಕೆ ಸಮ. ಸಂವಿಧಾನದ 329ನೆಯ ಅನುಚ್ಛೇದವು ಅಡ್ಡ ಬರುತ್ತದೆ ಎಂದು 1966ರಲ್ಲಿ ತೀರ್ಪಾಯಿತು. ಹಾಗಲ್ಲದಿದ್ದರೆ ಪ್ರತಿ ಚುನಾವಣೆಯೂ ವ್ಯಾಜ್ಯದಲ್ಲಿ ಸಿಕ್ಕಿಬೀಳುತ್ತದೆಂಬ ಭಯವು ಸುಳ್ಳಲ್ಲ. ಗುಜರಾತಿನ ಬಾರ್ಡೋಲಿ ವಿಧಾನಸಭಾ ಕ್ಷೇತ್ರದ ಮೀಸಲಿನ ಮೊಕದ್ದಮೆಯಲ್ಲಿ 2024ರ ಜುಲೈ ತಿಂಗಳಲ್ಲಿ ಅದೇ ನ್ಯಾಯಸ್ಥಾನವು, ಆಜ್ಞೆಯು ಕಣ್ಣಿಗೆ ಕಾಣುವಷ್ಟು ಸ್ವೇಚ್ಛೆಯದಾಗಿದ್ದು ಸಂವಿಧಾನದ ಮೌಲ್ಯಗಳಿಗೆ ಸ್ವಲ್ಪವೂ ಹೊಂದದಿದ್ದರೆ ತಾನು ನೋಡಬಹುದೆಂದು ಹೇಳಿ, ಬಾಗಿಲನ್ನು ಒಂದು ಬೆರಳಷ್ಟು ತೆರೆಯಿತು. ಸ್ವೇಚ್ಛೆಯೋ ವಿವೇಚನೆಯೋ ಎಂದು ತೂಗುವುದಕ್ಕಾದರೂ ಕಮಿಷನ್ನಿನ ಕಾರಣಗಳು ಕಾಗದದ ಮೇಲೆ ಇರಬೇಡವೇ?

ಸ್ಥಾನಗಳ ಮರುಹಂಚಿಕೆಯನ್ನು 2002ರಲ್ಲಿ ಸಂವಿಧಾನದ 84ನೆಯ ತಿದ್ದುಪಡಿಯು 2026ರ ನಂತರದ ಮೊದಲ ಖಾನೇಷುಮಾರಿಯ ವರೆಗೆ ಮುಂದೂಡಿತು. 2027ರ ಖಾನೇಷುಮಾರಿಗೆ 2025ರ ಜೂನ್ ತಿಂಗಳಲ್ಲಿಯೇ ಪ್ರಕಟಣೆ ಹೊರಟಿತು. ದಕ್ಷಿಣದ ರಾಜ್ಯಗಳಿಗೆ ದೆಹಲಿಯಲ್ಲಿ ಎಷ್ಟು ಸ್ಥಾನ ಎಂಬ ದೊಡ್ಡ ಜಗಳದ ಗದ್ದಲದಲ್ಲಿ, ಯಾವ ಹೋಬಳಿ ಯಾವ ಕ್ಷೇತ್ರಕ್ಕೆ ಎಂಬ ಸಣ್ಣ ಪ್ರಶ್ನೆ ಯಾರ ಕಿವಿಗೂ ಬೀಳದೆ ಹೋಗುವ ಸಂಭವವುಂಟು. ಬರೆಯಬಲ್ಲವರು ಈಗಲೇ ತಮ್ಮ ಊರಿನ ಜನಸಂಖ್ಯೆ, ತಾಲ್ಲೂಕು ಕಛೇರಿಗೆ ಇರುವ ದೂರ, ಬಸ್ಸು ಹೋಗುವ ದಾರಿ, ಮಳೆಗಾಲದಲ್ಲಿ ಮುಚ್ಚುವ ಸೇತುವೆ ಇವುಗಳನ್ನು ಗುರುತು ಹಾಕಿಟ್ಟುಕೊಳ್ಳಲಿ. ನಮ್ಮ ಸಂಸ್ಕೃತಿ, ನಮ್ಮ ಇತಿಹಾಸ ಎಂದು ಪುಟಗಟ್ಟಲೆ ಬರೆದ ಅರ್ಜಿಗಿಂತ, ನಕ್ಷೆಯೊಂದನ್ನು ಲಗತ್ತಿಸಿ ಬದಲು ಗೆರೆಯನ್ನು ಎಳೆದು ತೋರಿಸುವ ಒಂದು ಪುಟದ ಅರ್ಜಿಗೆ ತೂಕ ಹೆಚ್ಚು. ಸರ್ಕಾರದವರು ಹಳೆಯ ಕ್ಷೇತ್ರ, ಹೊಸ ಕ್ಷೇತ್ರ, ಬದಲಾವಣೆಯ ಕಾರಣ ಎಂದು ಮೂರು ಕಲಮುಗಳಲ್ಲಿ ಪಟ್ಟಿಯನ್ನು ಕೊಟ್ಟರೆ, ಅದನ್ನು ದೊಡ್ಡ ಅಚ್ಚಿನಲ್ಲಿ ಹಾಕುವುದಕ್ಕೆ ನಾವು ಸಿದ್ಧರಿದ್ದೇವೆ.

ಬಹಿರಂಗ ಸಭೆಗಳ ವಿಷಯದಲ್ಲಿ ಒಂದು ಮಾತು. ಒಂದೋ ಹೆಚ್ಚೋ ಎಂದು ಕಾನೂನು ಹೇಳಿರುವುದರಿಂದ ರಾಜಧಾನಿಯಲ್ಲಿ ಒಂದನ್ನು ಮಾಡಿ ಮುಗಿಸುವುದಕ್ಕೂ ಅಡ್ಡಿಯಿಲ್ಲ. ಆದರೆ ಗಾಡಿ ಖರ್ಚು ಹಾಕಿಕೊಂಡು ರಾಜಧಾನಿಗೆ ಬರಬಲ್ಲವನು ಶಾಸಕನ ಕಡೆಯವನೇ ಹೊರತು ಹಾಡಿಯವನಲ್ಲ. ಜಿಲ್ಲೆಗೊಂದು ಸಭೆಯಾದರೂ ಆಗಬೇಕು. ಮಡಿಕೇರಿಯಲ್ಲಿ ಇಡುವುದಾದರೆ ಕಕ್ಕಡ ತಿಂಗಳ ಜಡಿಮಳೆಯ ದಿನಗಳನ್ನು ಬಿಟ್ಟು ಇಡಬೇಕು.