ಸುರಂಗದ ಚಿತ್ರವೂ ಒಂದೂವರೆ ಸಾವಿರ ಹಾಳೆಗಳೂ

ಕಳೆದ ಆಟಿ ತಿಂಗಳ ಒಂದು ಬೆಳಗ್ಗೆ ನಾನು ಶಾಲೆಗೆ ಬಂದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಗಣಕಯಂತ್ರದ ಮುಂದೆ ಕಣ್ಣೀರು ತುಂಬಿಕೊಂಡು ಕುಳಿತಿದ್ದಳು. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಹಿರಿಯರು ನೀರಿಗಾಗಿ ತೋಡಿದ ಸುರಂಗಗಳ ಕುರಿತು ಆಕೆಯೂ ಗೆಳತಿಯರೂ ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ನಿಮಿಷದ ಆನಿಮೇಶನ್ ಚಿತ್ರ ರಚಿಸಿದ್ದರು. ಶನಿವಾರದ ರಕ್ಷಕರ ಸಭೆಯಲ್ಲಿ ಅದರ ಪ್ರದರ್ಶನ. ಸುರಂಗ ತೋಡುವುದರಲ್ಲಿಯೇ ಆಯುಷ್ಯ ಕಳೆದ ತನ್ನ ಅಜ್ಜ ಅದನ್ನು ನೋಡಬೇಕೆಂಬುದು ಆಕೆಯ ಆಸೆ. ರಾತ್ರಿಯಿಡೀ ಯಂತ್ರ ನಡೆದು, ಬೆಳಗಿನ ಜಾವ ವಿದ್ಯುತ್ ಹೋಗಿತ್ತು. ಕಡತವೇನೋ ಇತ್ತು, ತೆರೆಯುತ್ತಿರಲಿಲ್ಲ.

ತಪ್ಪು ನನ್ನದು. "ನೇರವಾಗಿ ಎಂಪಿ 4 ವೀಡಿಯೋ ಮಾಡಿಬಿಡಿ, ತೊಂದರೆ ಕಡಿಮೆ" ಎಂದು ಹೇಳಿದವನು ನಾನೇ. ಆ ಮೇಲೆ ಕುಳಿತು ಓದಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಇಂಥ ಹವ್ಯಾಸವುಳ್ಳ ಮಕ್ಕಳಿದ್ದವರಿಗೆ ಉಪಯೋಗವಾದೀತು.

ಸೆಕೆಂಡಿಗೆ 25 ಚಿತ್ರಗಳಂತೆ ಒಂದು ನಿಮಿಷಕ್ಕೆ 1,500 ಚಿತ್ರಗಳು. ಒಂದೊಂದನ್ನು ಬರೆಯಲು ನಮ್ಮ ಯಂತ್ರಕ್ಕೆ ಸುಮಾರು 20 ಸೆಕೆಂಡು ಬೇಕು. ಒಟ್ಟು 8 ಗಂಟೆ 20 ನಿಮಿಷ. ಎಂಪಿ 4 ಎಂಬುದು ಒಂದು ಪೆಟ್ಟಿಗೆ. ಒಳಗಿನ ಬಟ್ಟೆಯನ್ನು ಮಡಚುವ ಕ್ರಮ ಬೇರೆ. ಅದಕ್ಕೆ ಕೋಡೆಕ್ ಎಂದು ಹೆಸರು. ಯಾವ ಚಿತ್ರ ಎಲ್ಲಿದೆಯೆಂಬ ಸೂಚಿಯನ್ನು ಈ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಕೊನೆಗೆ ಬರೆಯಲಾಗುತ್ತದೆ. ನಡುವೆ ವಿದ್ಯುತ್ ಹೋದರೆ ಸೂಚಿಯೇ ಇಲ್ಲ. ಏಳು ಗಂಟೆಯ ದುಡಿಮೆ ಒಳಗಿದ್ದೂ ಇಲ್ಲದಂತೆ.

ಆದುದರಿಂದ ಬಲ್ಲವರು ಮೊದಲು ವೀಡಿಯೋ ಮಾಡುವುದಿಲ್ಲ. ಪ್ರತಿ ಚಿತ್ರವನ್ನೂ ಬಿಡಿ ಕಡತವಾಗಿ, ಸಂಖ್ಯೆ ಹಾಕಿ ಇಡುತ್ತಾರೆ. ಪರೀಕ್ಷೆಯ ಉತ್ತರಪತ್ರಿಕೆಗಳಂತೆ: ಒಂದು ಹಾಳಾದರೆ ಆ ಒಂದನ್ನೇ ಪುನಃ ಬರೆಸಿದರಾಯಿತು. ಇದಕ್ಕೆ ಪಿಎನ್‌ಜಿ ರೂಪ ಉತ್ತಮ. ಅದು ಗಾತ್ರವನ್ನು ಕುಗ್ಗಿಸಿದರೂ ಚಿತ್ರದ ಒಂದು ಚುಕ್ಕೆಯನ್ನೂ ಕಳೆಯುವುದಿಲ್ಲ. ಪಾರದರ್ಶಕ ಹಿನ್ನೆಲೆಯನ್ನೂ ಉಳಿಸಿಕೊಳ್ಳುತ್ತದೆ. ಜೆಪೆಗ್ ಹಗುರ, ಆದರೆ ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ, ಪಾರದರ್ಶಕತೆಯೂ ಅದರಲ್ಲಿಲ್ಲ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ 2003ರಲ್ಲಿ ಎಲ್ಲರ ಬಳಕೆಗೆ ಬಿಟ್ಟ ಓಪನ್ ಇಎಕ್ಸ್‌ಆರ್ ಇನ್ನೂ ಮೇಲಿನದು. ಕತ್ತಲೆಯ ದೃಶ್ಯವನ್ನು ಆ ಮೇಲೆ ಬೆಳಗಿಸಬೇಕೆಂದರೂ ಅದರಲ್ಲಿ ಬಣ್ಣದ ಪಟ್ಟೆಗಳು ಮೂಡುವ ಭಯ ಕಡಿಮೆ. ನಮ್ಮ ಸುರಂಗದ ಕತ್ತಲೆಗೆ ಅದೇ ತಕ್ಕುದಾಗಿತ್ತು. ಆದರೆ ಡಿಸ್ಕಿನಲ್ಲಿ ಜಾಗವಿರಲಿಲ್ಲ. ಬಡವರ ಮನೆಗೆ ಪಿಎನ್‌ಜಿ ಸಾಕು.

ಮರುದಿನ ರಾತ್ರಿಯೂ ವಿದ್ಯುತ್ ಹೋಯಿತು. ಈ ಬಾರಿ 1,100ಕ್ಕೂ ಮಿಕ್ಕಿದ ಚಿತ್ರಗಳು ಭದ್ರವಾಗಿದ್ದವು. ಬ್ಲೆಂಡರಿನಲ್ಲಿ 'ಓವರ್‌ರೈಟ್' ಎಂಬ ಗುರುತನ್ನು ತೆಗೆದರೆ ಇದ್ದ ಚಿತ್ರಗಳನ್ನು ಬಿಟ್ಟು ಇಲ್ಲದವುಗಳನ್ನು ಮಾತ್ರ ಬರೆಯುತ್ತದೆ. ಒಂದು ಎಚ್ಚರಿಕೆ ಅಗತ್ಯ: ವಿದ್ಯುತ್ ಹೋದ ಗಳಿಗೆಯಲ್ಲಿ ಅರ್ಧ ಬರೆದ ಕಡೆಯ ಕಡತವನ್ನು ಮೊದಲು ಅಳಿಸಬೇಕು, ಇಲ್ಲವಾದರೆ ಅದೂ ಮುಗಿದುದೆಂದೇ ಯಂತ್ರ ಭಾವಿಸುತ್ತದೆ.

ಚಿತ್ರಗಳೆಲ್ಲ ಸಿದ್ಧವಾದ ಬಳಿಕ ಬ್ಲೆಂಡರಿನ ಸಂಕಲನ ವಿಭಾಗದಲ್ಲಿಯೇ ಸಾಲಾಗಿ ಜೋಡಿಸಿ, ಧ್ವನಿ ಸೇರಿಸಿ (ಬಿಡಿ ಚಿತ್ರಗಳಲ್ಲಿ ಧ್ವನಿ ಇರುವುದಿಲ್ಲವಷ್ಟೆ), ಎಚ್. 264 ಕೋಡೆಕ್‌ನಲ್ಲಿ ಎಂಪಿ 4 ಮಾಡಿದೆವು. ಕೆಲವೇ ನಿಮಿಷಗಳ ಕೆಲಸ. ಎಚ್. 264 ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನೇ ಹೆಚ್ಚಾಗಿ ಬರೆದಿಡುವುದರಿಂದ ಕಡತ ಹಗುರವಾಗುತ್ತದೆ, ಎಲ್ಲ ಮೊಬೈಲುಗಳಲ್ಲಿಯೂ ತೆರೆಯುತ್ತದೆ. ಆದರೆ ಅದನ್ನೇ ಮೂಲವಾಗಿಟ್ಟು ಮತ್ತೆ ಮತ್ತೆ ತಿದ್ದಿದರೆ, ಪ್ರತಿಯಿಂದ ಪ್ರತಿ ತೆಗೆದ ಹಾಗೆ ಪ್ರತಿಸಲವೂ ಮಾಸುತ್ತ ಹೋಗುತ್ತದೆ. ಮೂಲ ಚಿತ್ರಗಳನ್ನು ಅಳಿಸಬಾರದೆಂದು ನಾನು ಹೇಳಿದ್ದು ಅದಕ್ಕಾಗಿಯೇ.

ಸಭೆಯಲ್ಲಿ ಅಜ್ಜ ಮುಂದಿನ ಸಾಲಿನಲ್ಲಿ ಕುಳಿತು ನೋಡಿದರು. ಮುಗಿದ ಮೇಲೆ ಮೊಮ್ಮಗಳನ್ನು ಹತ್ತಿರ ಕರೆದು, "ಚಂದ ಉಂಟು ಮಗಾ. ಆದರೆ ಸುರಂಗದ ನೆಲ ಒಳಗೆ ಹೋದ ಹಾಗೆ ಸ್ವಲ್ಪ ಏರಬೇಕು. ಇಲ್ಲದಿದ್ದರೆ ನೀರು ಹೊರಗೆ ಬರುವುದು ಹೇಗೆ?" ಎಂದರು.

ಸುರಂಗದ ಒಳಗಿನ ದೃಶ್ಯ 12 ಸೆಕೆಂಡಿನದು, ಅಂದರೆ 300 ಚಿತ್ರಗಳು. ಸೋಮವಾರ ಆಕೆ ನೆಲವನ್ನು ತಿದ್ದಿ ಅಷ್ಟನ್ನೇ ಹೊಸದಾಗಿ ಬರೆಸಿದಳು. ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ವಿದ್ಯುತ್ ಇತ್ತು.